ಹಸಿರು ಗುಂಡಿ

"ಒದ್ದೆ ಟವೆಲ್ ಹಾಸಿಗೆ ಮೇಲೆ ಎಸೀಬೇಡ ಅಂತ ಎಷ್ಟು ಸಲ ಬಡ್ಕೋಬೇಕೋ? ಹುಟ್ಟುಗುಣ ಸುಟ್ರೂ..." ಎನ್ನುವಷ್ಟರಲ್ಲಿ ತಾಯಿಯ ಧ್ವನಿ ತುಂಡಾಯಿತು. ಮೇಜಿನ ಕೆಳಗಿದ್ದ ಕಂಪ್ಯೂಟರಿನೊಳಗೆ ಕಡ್ಡಿ ಮುರಿದಂತೆ ಸದ್ದಾಗಿ, ಹಿಂದೆಯೇ ಸುಟ್ಟ ವಾಸನೆ ಬಂತು. ಗುಂಡಿಯ ಮೇಲೆ ಬೆರಳಿಟ್ಟುಕೊಂಡೇ ತಾಯಿ ಮಗನತ್ತ ತಿರುಗಿದಳು. ಗಾದೆಯ ಉಳಿದರ್ಧವನ್ನು ಅವಳ ತುಟಿಗಳಷ್ಟೇ ಮುಗಿಸಿದವು.

ಗಂಟಲಿನ ಗಡ್ಡೆಯೊಂದಿಗೆ ವೈದ್ಯರು ಅವಳ ಧ್ವನಿಯನ್ನೂ ತೆಗೆಯುವ ಮುನ್ನ, ಮಗ ಅವಳ ಮಾತುಗಳನ್ನು ರೆಕಾರ್ಡ್ ಮಾಡಿ, ತಾನೇ ಬಿಡಿಭಾಗ ತಂದು ಜೋಡಿಸಿದ ಈ ಕಂಪ್ಯೂಟರಿನಲ್ಲಿ ಕೂಡಿಟ್ಟಿದ್ದ. ಒಂದೊಂದು ಗುಂಡಿಗೆ ಒಂದೊಂದು ಮಾತು: ಬೈಗುಳ, ಗಾದೆ, ಊಟದ ಕರೆ, ಮಗಳಿಗೊಂದು ಕುಟುಕು. "ನನಗೂ ಒಂದು ಒಳ್ಳೆ ಮಾತು ಹೇಳಮ್ಮಾ" ಎಂದು ಅವನು ಗೋಗರೆದಾಗ, "ಭೇಷ್ ಕಣೋ ನನ್ ಮಗನೇ!" ಎಂದು ಹೇಳಿ, "ಇದನ್ನ ಮೂಲೆ ಗುಂಡಿಗೆ ಹಾಕು. ಒತ್ತೋ ದಿನ ಬರ್ಲಿ, ನೋಡೋಣ" ಎಂದು ನಕ್ಕಿದ್ದಳು. ಆ ಗುಂಡಿಗೆ ಅವನು ಹಸಿರು ಚೀಟಿ ಅಂಟಿಸಿದ. ಇಂದಿನವರೆಗೂ ಅವಳು ಅದನ್ನು ಒತ್ತಿರಲಿಲ್ಲ.

ಮಗ ಪೆಟ್ಟಿಗೆ ಬಿಚ್ಚಿ ಒಂದೊಂದೇ ಭಾಗವನ್ನು ಕಳಚಿ ಪರೀಕ್ಷಿಸಿದ. ಸುಟ್ಟಿದ್ದು ಪವರ್ ಸಪ್ಲೈ, ಗೋಡೆಯ ವಿದ್ಯುತ್ತನ್ನು ಹದಮಾಡಿ ಒಳಗೆಲ್ಲ ಹಂಚುವ ಡಬ್ಬಿ. ಧ್ವನಿಯಿದ್ದ ಎರಡು ಡಿಸ್ಕುಗಳನ್ನು ಎದೆಗವಚಿಕೊಂಡು ಅಂಗಡಿಗೆ ಓಡಿದ. ಅಲ್ಲಿ ಹಾಕಿ ನೋಡಿದರೆ ಎರಡಕ್ಕೂ ಏನೂ ಆಗಿರಲಿಲ್ಲ. ಹೊಸ ಡಬ್ಬಿಯೊಂದಿಗೆ ಗೆದ್ದವನಂತೆ ಮರಳಿದ.

"ಅಲ್ಲೇ ಇನ್ನೊಂದು ಪ್ರತಿ ತೆಗೆಸ್ಕೊಂಡು ಬರ್ಬಾರ್ದಿತ್ತಾ?" ಅಕ್ಕ ಕೇಳಿದಳು.

"ಎರಡು ಡಿಸ್ಕಲ್ಲೂ ಇದೆಯಲ್ಲಕ್ಕಾ. ಒಂದು ಹೋದ್ರೆ ಇನ್ನೊಂದು."

"ಸರಿ ಮಹಾರಾಯ, ಬೇಗ ಮುಗ್ಸು. ಬೆಳಗ್ಗೆಯಿಂದ ಬೈಸ್ಕೊಳ್ದೆ ನಂಗೆ ಅನ್ನ ಇಳೀತಿಲ್ಲ."

ಹೊಸ ಡಬ್ಬಿಯೊಂದಿಗೆ ಹೊಸ ತಂತಿಗಳೂ ಬಂದಿದ್ದವು. ಆದರೆ ಹಳೆಯ ತಂತಿಗಳನ್ನು ಅವನು ಒಂದರ ಪಕ್ಕ ಒಂದು ಬಾಚಿ, ಜಡೆಯಂತೆ ಹೆಣೆದು ಕಟ್ಟಿದ್ದ. ತಾನು ಮಗಳಿಗೂ ಇಷ್ಟು ಚೆಂದದ ಜಡೆ ಹಾಕಿರಲಿಲ್ಲವೆಂದು ತಾಯಿ ಹಿಂದೊಮ್ಮೆ ಹೇಳಿದ್ದಳು. ಅದನ್ನು ಬಿಚ್ಚಲು ಅವನಿಗೆ ಮನಸ್ಸಾಗಲಿಲ್ಲ. ಡಿಸ್ಕುಗಳನ್ನು ಮತ್ತೆ ಕೂರಿಸಿ, ಅವುಗಳ ಹಳೆಯ ತಂತಿಯ ತುದಿಯನ್ನೇ ಹೊಸ ಡಬ್ಬಿಗೆ ಒತ್ತಿದ. ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ಸ್ವಿಚ್ ಹಾಕಿದ.

ಫ್ಯಾನು ತಿರುಗಿತು, ದೀಪಗಳು ಹೊತ್ತಿದವು. ಮತ್ತೆ ಅದೇ ವಾಸನೆ. ಈ ಸಲ ಅದು ಡಿಸ್ಕುಗಳ ಕಡೆಯಿಂದ ಬಂತು. ಅವನು ಥಟ್ಟನೆ ಆ ತಂತಿಯನ್ನು ಕಿತ್ತ. ಪರದೆಯ ಮೇಲೆ ಒಂದೇ ಸಾಲು ಮೂಡಿತು: ಡಿಸ್ಕ್ ಇಲ್ಲ.

"ಏನಾಯ್ತೋ?"

"ತುದಿ ಒಂದೇ ಥರ ಇದ್ರೂ ಒಳಗಿನ ಜೋಡಣೆ ಕಂಪನಿಗೊಂದು ಥರ ಅಕ್ಕಾ. ಐದು ವೋಲ್ಟ್ ಹೋಗೋ ಕಡೆ ಹನ್ನೆರಡು ಹೋಗಿ ಡಿಸ್ಕ್ ಸುಟ್ಟಿದೆ. ಬೇರೆಯವ್ರಿಗೆ ಸಾವಿರ ಸಲ ಹೇಳಿದೀನಿ, ಹಳೇ ತಂತಿ ಹಾಕ್ಬೇಡಿ ಅಂತ."

"ಇನ್ನೊಂದು ಡಿಸ್ಕ್?"

"ಎರಡೂ ಇದೇ ತಂತೀಲಿದ್ವು."

ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು. ಫ್ಯಾನಿನ ಸದ್ದು ಕೇಳಿ ಅಡುಗೆಮನೆಯಿಂದ ತಾಯಿ ಕೈಯೊರೆಸಿಕೊಳ್ಳುತ್ತ ಬಂದಳು. ಪೆಟ್ಟಿಗೆಯ ದೀಪಗಳನ್ನು ಕಂಡು ಅವಳ ಮುಖ ಅರಳಿತು. ಪರದೆಯ ಸಾಲನ್ನು ಅವಳು ಓದಲಿಲ್ಲ. ಮಗನ ಬೆವೆತ ಹಣೆಯನ್ನು ಅಂಗೈಯಿಂದ ಒರೆಸಿ, ಕುರ್ಚಿ ಎಳೆದುಕೊಂಡು ಕೂತಳು. ಅವಳ ಬೆರಳು ಬೈಗುಳಗಳ ಸಾಲನ್ನು ದಾಟಿ ಮೂಲೆಗೆ ಹೋಗಿ, ಹಸಿರು ಚೀಟಿಯನ್ನು ಒತ್ತಿತು.

ಏನೂ ಕೇಳಿಸಲಿಲ್ಲ. ನಗುತ್ತ ಮಗನತ್ತ ನೋಡಿ, ಅವಳು ಇನ್ನೊಮ್ಮೆ, ಸ್ವಲ್ಪ ಗಟ್ಟಿಯಾಗಿ ಒತ್ತಿದಳು.