ತಲೆ ಕಾದಾಗ ಮಾಡುವ ಫೋನು

ಇಸ್ಪೀಟಾಟದಲ್ಲಿ ತನ್ನ ಬಿಲ್ಲೆಗಳನ್ನೆಲ್ಲ ಪಣಕ್ಕೊಡ್ಡಿ ಲ್ಯೂಬೆನ್ ಕಂಪ್ಯೂಟರ್ ಪರದೆಯನ್ನೇ ನೋಡುತ್ತ ಕುಳಿತಿದ್ದ. ಕಾಗೆಯ ಚಿತ್ರ ಹಾಕಿಕೊಂಡಿದ್ದ ಎದುರಾಳಿಗೆ ಉತ್ತರಿಸಲು ಹತ್ತು ಸೆಕೆಂಡು ಉಳಿದಿತ್ತು. ಫೋನಿನಲ್ಲಿ ಝಾಹರಿ ಸೂರ್ಯಕಾಂತಿ ಬೀಜ ಕಡಿಯುತ್ತ ಸಮಾಧಾನ ಹೇಳುತ್ತಿದ್ದ.

“ಎಲೆ ಕೈಕೊಡೋದು ಇದ್ದದ್ದೇ ಕಣೋ. ಹೆದರಿ ಎದ್ದು ಹೋಗ್ಬೇಡ. ಇನ್ನೊಂದಾಟ ಆಡು, ಸರಿಹೋಗುತ್ತೆ.”

ಪ್ಲೋವ್ದಿವ್ ನಗರಕ್ಕೆ ಬಂದ ಹೊಸತರಲ್ಲಿ ಲ್ಯೂಬೆನ್‌ಗೆ ಆನ್‌ಲೈನ್ ಪೋಕರ್ ಕಲಿಸಿದವನೇ ಝಾಹರಿ. ಸತತ ಮೂರಾಟ ಸೋತರೆ ತಲೆ ಕಾಯುತ್ತದೆ, ಮೊದಲು ನನಗೆ ಫೋನ್ ಮಾಡು ಎಂಬ ನಿಯಮವೂ ಅವನದೇ. ಈ ತಿಂಗಳು ಲ್ಯೂಬೆನ್ ಹನ್ನೊಂದು ಸಲ ಮಾಡಿದ್ದ. ಪ್ರತಿ ಸಲವೂ ಮಾತು ಮುಗಿಯುವ ಮೊದಲೇ ಇದೇ ಕಾಗೆ ಎದುರಿಗೆ ಬಂದು ಕೂತು, ಇದ್ದಬದ್ದದ್ದನ್ನೆಲ್ಲ ಬಾಚಿಕೊಂಡು ಹೋಗಿತ್ತು. ಎಲ್ಲ ತನ್ನ ಗ್ರಹಚಾರ ಎಂದುಕೊಂಡಿದ್ದ.

ಐದು ಸೆಕೆಂಡು. ಸಮಯ ಮುಗಿಯುತ್ತಿದೆ ಎಂದು ಎಚ್ಚರಿಸುವ ಗಂಟೆ ಆಡಬೇಕಾದವನಿಗೆ ಮಾತ್ರ ಕೇಳಿಸುತ್ತದೆ. ಆ ಟಿಣ್ ಟಿಣ್ ಈಗ ಲ್ಯೂಬೆನ್‌ನ ಕಿವಿಗೆ ಬಿತ್ತು, ಫೋನಿನೊಳಗಿಂದ. ಬೀಜ ಕಡಿಯುವ ಸದ್ದು ತಟ್ಟನೆ ನಿಂತಿತು.

“ಝಾಹರಿ ಅಣ್ಣಾ,” ಎಂದ ಲ್ಯೂಬೆನ್ ಮೆಲ್ಲಗೆ, “ನಂಜೊತೆ ಮಾತಾಡ್ತಾ ಕೂರ್ಬೇಡ. ನಿನ್ನ ಸರದಿ.”