ಆಚೆ ದಡದವರು

ಬಸ್ಸಿಗೆ ಒಂದು ಕಾಲಿಟ್ಟಿದ್ದ ಮೆಕ್ಯಾನಿಕ್ ವಾಸಪ್ಪನನ್ನು ಮುಕುಂದಯ್ಯ ಕೂಗಿ ಕೆಳಗಿಳಿಸಿದ. ಸಾಗರದ ವರ್ಕ್‌ಶಾಪಿನಲ್ಲಿ ದಿನಾ ಬೆಳಿಗ್ಗೆ ಯಾರು ಎಲ್ಲಿಗೆ ರಿಪೇರಿಗೆ ಹೋಗಬೇಕೆಂದು ಚೀಟಿ ಬರೆದು ಕಳಿಸುವವನು ಮುಕುಂದಯ್ಯನೇ.

"ಹೊಳೆಬಾಗಿಲಿನ ಲಾಂಚು ನಾಳೆ ನೋಡಿದ್ರಾಯ್ತು. ನೀನು ಆನಂದಪುರಕ್ಕೆ ಹೋಗು. ಮಂಜುನಾಥಪ್ಪನವರ ಅಕ್ಕಿ ಮಿಲ್ಲು ನಿಂತುಬಿಟ್ಟಿದೆಯಂತೆ."

"ಹೊಳೆ ದಾಟೋಕೆ ಜನ ಕಾಯ್ತಿರ್ತಾರೆ ಸಾರ್. ಮೆಕ್ಯಾನಿಕ್ ಬರ್ತಾನೆ ಅಂತ ಮೊದ್ಲನೇ ಬಸ್ಸಿನೋರ ಹತ್ರ ನೀವೇ ಹೇಳಿ ಕಳ್ಸಿದ್ರಲ್ಲ?"

ಮುಕುಂದಯ್ಯ ಹಳೆಯ ಚೀಟಿ ಕಿತ್ತುಕೊಂಡು ಹೊಸದನ್ನು ಅವನ ಕೈಗಿಟ್ಟ. ಮಂಜುನಾಥಪ್ಪನ ಮಗ ಹಿಂದಿನ ವಾರವಷ್ಟೇ ಮುಕುಂದಯ್ಯನ ಮಗಳನ್ನು ನೋಡಿಕೊಂಡು ಹೋಗಿದ್ದ. ಆ ಕಡೆಯಿಂದ ಇನ್ನೂ ಉತ್ತರ ಬಂದಿರಲಿಲ್ಲ. ವಾಸಪ್ಪನಿಗೂ ಅದು ಗೊತ್ತಿತ್ತು. ಅವನು ಆನಂದಪುರದ ಬಸ್ಸು ಹತ್ತಿದ.

ತಡವಾದ ಕೆಲಸ ಬೇಗ ಮುಗಿಯಲೆಂದು ಮರುದಿನ ನಸುಕಿನಲ್ಲೇ ಇಬ್ಬರೂ ಹೊಳೆಬಾಗಿಲಿಗೆ ಹೋದರು. ವಾಸಪ್ಪ ಲಾಂಚಿಗಿಳಿದು ಎಂಜಿನ್ ಬಿಚ್ಚತೊಡಗಿದ. ರಿಪೇರಿ ಮುಗಿಯುತ್ತ ಬಂದಾಗ ಆಚೆ ದಡದಿಂದ ಒಂದು ಪುಟ್ಟ ದೋಣಿ ಬಂದು ನಿಂತಿತು. ಅದರಿಂದ ಮಂಜಯ್ಯನೆಂಬ ರೈತನೂ ಯೂನಿಫಾರಂ ತೊಟ್ಟ ಅವನ ಮಗಳು ಸರೋಜಳೂ ಇಳಿದರು. ಹುಡುಗಿಯ ಲಂಗ ಮೊಣಕಾಲಿನವರೆಗೂ ಒದ್ದೆಯಾಗಿತ್ತು.

"ರಿಪೇರಿಯೋರಾ ಸಾರ್?" ಮಂಜಯ್ಯ ಹತ್ತಿರ ಬಂದ. "ನಿನ್ನೆ ಬೆಳಗಿಂದ ನಿಮ್ಮನ್ನೇ ಕಾದ್ವಿ. ಸಾಗರದಿಂದ ಮೆಕ್ಯಾನಿಕ್ ಬರ್ತಿದಾನೆ ಅಂತ ಈ ದಡದೋರು ಹೇಳಿ ಕಳ್ಸಿದ್ರು. ಅದಿಲ್ದಿದ್ರೆ ದೋಣೀಲೇ ಬಂದುಬಿಡ್ತಿದ್ವಿ. ಇವಳದ್ದು ಎಸ್ಸೆಸ್ಸೆಲ್ಸಿ. ನಿನ್ನೆ ಮೊದಲ್ನೇ ಪೇಪರ್ರೇ ಹೋಯ್ತು. ಇವತ್ತು ಎರಡ್ನೇದು."

ಮುಕುಂದಯ್ಯನ ಪರವಾಗಿ ಕಾರಣವನ್ನೂ ಮಂಜಯ್ಯನೇ ಹೇಳಿದ: "ಪಾಪ, ದಾರೀಲಿ ಬಸ್ ಕೆಟ್ಟಿತ್ತೇನೋ."

ಹೌದು ಅಂದಿದ್ದರೆ ಮುಗಿಯುತ್ತಿತ್ತು. ಬಾಯಿಗೂ ಬಂದಿತ್ತು. ಆದರೆ ಹುಡುಗಿ ಅವನ ಮುಖವನ್ನೇ ನೋಡುತ್ತಿದ್ದಳು. ಮನೆಯಲ್ಲಿರುವ ಮಗಳಿಗಿಂತ ಎರಡು ಮೂರು ವರ್ಷ ಚಿಕ್ಕವಳಿರಬಹುದು.

"ಬಸ್ ಕೆಟ್ಟಿರಲಿಲ್ಲ," ಅಂದ. "ಇಲ್ಲಿಗೆ ಹೊರಟೋನನ್ನ ನಾನೇ ಬೇರೆ ಕಡೆ ಕಳಿಸ್ದೆ. ನನ್ನ ಸ್ವಂತ ಕೆಲಸಕ್ಕೆ."

ಹಿಂದೆ ಎಂಜಿನ್ ಗುಡುಗಿ ಚಾಲೂ ಆಯಿತು. ಕಾಯುತ್ತಿದ್ದವರೆಲ್ಲ ಗಂಟುಮೂಟೆ ಎತ್ತಿಕೊಂಡು ಲಾಂಚಿನತ್ತ ಓಡಿದರು. ಮುಕುಂದಯ್ಯ ತಲೆ ತಗ್ಗಿಸಿ ಬೈಗುಳಕ್ಕೆ ಕಾದ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಮಂಜಯ್ಯ ಬೈಯಲಿಲ್ಲ. ಇನ್ನಷ್ಟು ಹತ್ತಿರ ಬಂದು ಎರಡೂ ಕೈ ಜೋಡಿಸಿದ.

"ಇನ್ನೂ ಪೇಪರ್‌ಗಳಿದಾವೆ ಸಾರ್. ಮತ್ತೆ ಲಾಂಚ್ ಕೆಟ್ರೆ ಮೆಕ್ಯಾನಿಕ್ನ ಇಲ್ಲಿಗೇ ಕಳಿಸ್ತೀರಲ್ಲ?"

ಸರೋಜ ಮುಂದೆ ಬಂದು ಅಪ್ಪನ ಜೋಡಿಸಿದ ಕೈಗಳನ್ನು ಹಿಡಿದು ಕೆಳಗಿಳಿಸಿದಳು.

"ಬಾ ಅಪ್ಪಯ್ಯ, ಬಸ್ ಹೊರಡ್ತದೆ," ಅಂದಳು.