ಅಣ್ಣನ ಈಟಿಗಾರರು

ಬೋಗುಣಿಯ ಬಿಸಿನೀರು ಬೆಳ್ಳಗಾಗುತ್ತಿದ್ದಾಗ ತಮ್ಮನ ಕಣ್ಣಿಗೆ ಆ ಗುರುತು ಬಿತ್ತು. ಅಕ್ಕಿಕಾಳಿನೆತ್ತರದ ಸೀಸದ ಆಟಿಕೆ ಈಟಿಗಾರರನ್ನೂ ಕೋವಿಕಾರರನ್ನೂ ಸಾಲಾಗಿ ಅಂಟಿಸಿದ್ದ ಮರದ ಪಟ್ಟಿಯಿಂದ, ನೆಲದಂತೆ ಕಾಣಲೆಂದು ಮೆತ್ತಿದ್ದ ಮರಳು ಉದುರಿತ್ತು. ಆ ಮರಳಿನಡಿಯ ಗೋಂದಿನ ಹಿಟ್ಟಿನಲ್ಲಿ ಅಣ್ಣನ ಹೆಬ್ಬೆರಳು ಅಚ್ಚೊತ್ತಿತ್ತು. ಉಳಿ ತಾಗಿ ಆಗಿದ್ದ ಹಳೆಯ ಗಾಯದ ಗೆರೆಯೂ ಹಾಗೇ ಇತ್ತು.

ಬಡಗಿ ಅಣ್ಣ ತೀರಿಕೊಂಡು ತಿಂಗಳಾಗಿತ್ತು. ಅವನ ಪಟ್ಟಿಗಳು ತಮ್ಮನವಕ್ಕಿಂತ ಕಿರಿದಾಗಿದ್ದವು. ಇಬ್ಬರೂ ಯುದ್ಧದಾಟಕ್ಕೆಂದು ಕಟ್ಟಿದ್ದ ಸೈನ್ಯಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಬೇಕೆಂದು, ಅಂಟು ಬಿಡಿಸಲು ತಮ್ಮ ಎಲ್ಲವನ್ನೂ ನೆನೆಹಾಕಿದ್ದ.

"ಬೆರಳಲ್ಲಿ ಒತ್ತಬೇಡ ಅಣ್ಣಾ, ಕಡ್ಡೀಲಿ ಸವರು," ಎಂದು ಅವನು ರೇಗಿದಾಗಲೆಲ್ಲ ಅಣ್ಣ ನಗುತ್ತಿದ್ದ. "ನನ್ನ ಸಹಿ ಇಲ್ದೆ ಇವರು ಯುದ್ಧಕ್ಕೆ ಹೊರಡಲ್ಲ ಕಣೋ."

"ಅತ್ತಿಗೆ, ಬೇಗ ಬನ್ನಿ," ಎಂದು ತಮ್ಮ ಕೂಗಿದ. ಆ ಪಟ್ಟಿಯನ್ನು ಜಾರದಂತೆ ಎಡಗೈ ಬೆರಳುಗಳಲ್ಲಿ ಬಿಗಿಯಾಗಿ ಒತ್ತಿ ಹಿಡಿದು, ಬಲಗೈಯಲ್ಲಿ ಉಳಿದವನ್ನು ತಡಕಿ ತಡಕಿ ಎತ್ತಿದ. ಎಲ್ಲವೂ ಕರಗಿ ನುಣ್ಣಗಾಗಿದ್ದವು, ಒಂದರಲ್ಲೂ ಗುರುತಿರಲಿಲ್ಲ.

"ಇದೊಂದು ಉಳಿದಿದೆ ಅತ್ತಿಗೆ. ಅಣ್ಣನ ಬೆರಳು."

ಅತ್ತಿಗೆ ಬಗ್ಗಿದರು. "ಎಲ್ಲಿ, ಕೈ ತೆಗಿ, ನೋಡ್ತೀನಿ."

ಅವನು ಎಡಗೈ ಸಡಿಲಿಸಿದ. ಮೆತ್ತಗಾದ ಹಿಟ್ಟಿನಲ್ಲಿ ಹೆಬ್ಬೆರಳಿನ ಅಚ್ಚು ಸ್ಪಷ್ಟವಾಗಿತ್ತು. ಗಾಯದ ಗೆರೆ ಇರಲಿಲ್ಲ.